ಗಿಡ ಮೊದಲು, ಮೀನು ಆಮೇಲೆ

ಮಕ್ಕಳೇ, 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಕೊಳಚೆ ಸೇರಿ ನೀರಿನಲ್ಲಿ ಆಮ್ಲಜನಕ ಕುಸಿದಿತ್ತು. ಮನೆಯ ಅಕ್ವೇರಿಯಂನಲ್ಲೂ ಹೀಗಾಗಬಹುದು. ಅದನ್ನು ತಡೆಯಲು ಗಿಡಗಳು ನೆರವಾಗುತ್ತವೆ. ಮೀನಿನ ಕೊಳೆಯನ್ನೇ ಗೊಬ್ಬರವಾಗಿ ಹೀರಿ, ಬೆಳಕಿನಲ್ಲಿ ಆಮ್ಲಜನಕ ಬಿಡುತ್ತವೆ.

ತೊಳೆದ ಸಣ್ಣ ಜಲ್ಲಿಯನ್ನು ಎರಡು ಅಂಗುಲ ಹರಡಿ. ಕಾವೇರಿ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟು ತುಂಬಿಸಿ. ಆರಂಭಕ್ಕೆ ನಮ್ಮ ನಾಡಿನ ಕೆರೆಗಳಲ್ಲೇ ಬೆಳೆಯುವ ವ್ಯಾಲಿಸ್ನೇರಿಯ, ಹೈಡ್ರಿಲ್ಲ ಸಾಕು. ವ್ಯಾಲಿಸ್ನೇರಿಯದ ಬೇರನ್ನಷ್ಟೇ ಹೂಳಿ, ಬುಡ ಮೇಲಿರಲಿ. ಜಾವಾ ಫರ್ನ್ ತಂದರೆ ಕಲ್ಲಿಗೆ ದಾರದಿಂದ ಕಟ್ಟಿ; ಅದರ ದಪ್ಪ ಕಾಂಡ ಹೂತರೆ ಕೊಳೆಯುತ್ತದೆ.

ದಿನಕ್ಕೆ 6ರಿಂದ 8 ಗಂಟೆ ದೀಪ ಸಾಕು. ಕಿಟಕಿಯ ಬಿಸಿಲಿಗಿಟ್ಟರೆ ಪಾಚಿ ಕಟ್ಟುತ್ತದೆ. ಊರು ಬದಲಿಸಿದವರಿಗೆ ನೀರು ಒಗ್ಗದಂತೆ ಹೊಸ ಗಿಡದ ಹಳೆಯ ಎಲೆಗಳು ಕರಗಬಹುದು. ಗಿಡ ಕಿತ್ತೆಸೆಯಬೇಡಿ. ಕೊಳೆತ ಎಲೆ ಕತ್ತರಿಸಿ, ಚಿಗುರಿಗೆ ಕಾಯಿರಿ.

ಶಿವಾಜಿನಗರದಲ್ಲಿ ಬಣ್ಣದ ಮೀನು ಕಂಡೊಡನೆ ಅಪ್ಪನ ಕೈ ಎಳೆಯಬೇಡಿ! ಕೊಳೆಯ ವಿಷ ಕಳೆಯುವ ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕಾರು ವಾರ ಬೇಕು. ಅಲ್ಲಿಯವರೆಗೆ ಅವುಗಳ ಆಹಾರಕ್ಕೆಂದು ಆಗಾಗ ಒಂದು ಚಿಟಿಕೆ ಮೀನಿನ ತಿಂಡಿ ಉದುರಿಸಿ. ಆಮೇಲೆ ಒಂದೆರಡು ಪುಟ್ಟ ಮೀನು ತನ್ನಿ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ತೆಗೆದ ನೀರು ತುಳಸಿ ಕುಂಡಕ್ಕೆ ಒಳ್ಳೆಯ ಗೊಬ್ಬರ.