ಮಗುವಿನ ಚಿಕಿತ್ಸೆಗೆ ಒಪ್ಪಿಗೆ ನೀಡುವವರು ಯಾರು?

ಬಾದಾಮಿ, ಹುನಗುಂದ ಸೀಮೆಯ ಅನೇಕ ಕುಟುಂಬಗಳು ದುಡಿಮೆಗಾಗಿ ಗೋವಾ, ಮಂಗಳೂರುಗಳಿಗೆ ತೆರಳುತ್ತವೆ. ಮಕ್ಕಳು ಊರಿನಲ್ಲಿ ಅಜ್ಜ-ಅಜ್ಜಿಯರ ಆಶ್ರಯದಲ್ಲಿ, ಸೋದರಮಾವನ ಮನೆಯಲ್ಲಿ ಅಥವಾ ಮಠದ ಪ್ರಸಾದ ನಿಲಯದಲ್ಲಿ ಬೆಳೆಯುತ್ತಾರೆ. ಅಂಥ ಮಗುವಿಗೆ ಶಸ್ತ್ರಚಿಕಿತ್ಸೆ ಬೇಕಾದಾಗ, ಸಹಿ ಮಾಡುವ ಅಧಿಕಾರ ತಮಗಿದೆಯೇ ಎಂದು ಹಿರಿಯರು ಹಿಂಜರಿಯುತ್ತಾರೆ. ಆ ಹಿಂಜರಿಕೆಯಲ್ಲಿ ಅಮೂಲ್ಯ ಸಮಯ ಕಳೆದುಹೋಗಬಾರದು.

ಒಪ್ಪಿಗೆ ಪಡೆಯುವುದು ಹೊಸ ಪದ್ಧತಿಯೇನೂ ಅಲ್ಲ. ಮೂತ್ರಾಶಯದ ಕಲ್ಲನ್ನು ತೆಗೆಯುವ ಶಸ್ತ್ರಕರ್ಮದಲ್ಲಿ ಪ್ರಾಣಾಪಾಯವಿರುವುದರಿಂದ ಒಡೆಯನ ಅನುಮತಿ ಪಡೆದೇ ಅದಕ್ಕೆ ತೊಡಗಬೇಕೆಂದು ಸುಶ್ರುತಾಚಾರ್ಯರು ವಿಧಿಸಿದ್ದಾರೆ.

ಇಂದಿನ ಕಾನೂನಿನಂತೆ 18 ವರ್ಷ ತುಂಬದವರು ಅಪ್ರಾಪ್ತರು. 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆಯು ತಾನು ಅನ್ವಯಿಸುವವರಲ್ಲಿ ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ಸೇರಿಸಿದೆ. ಅದರಂತೆ ತಂದೆ, ಅವರ ತರುವಾಯ ತಾಯಿ ಸ್ವಾಭಾವಿಕ ಪಾಲಕರು. ತಂದೆ ಬದುಕಿದ್ದರೂ ಮಗುವಿನ ಹೊಣೆ ಹೊರಲು ಲಭ್ಯರಿಲ್ಲದಿದ್ದರೆ ತಾಯಿಯೇ ಪಾಲಕಿಯಾಗಬಲ್ಲಳೆಂದು 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಅಜ್ಜ-ಅಜ್ಜಿಯರು ಸ್ವಾಭಾವಿಕ ಪಾಲಕರಲ್ಲ. ಹಾಗೆಂದು ಅವರ ಮಾತಿಗೆ ಬೆಲೆಯಿಲ್ಲವೆಂದಲ್ಲ. 12 ವರ್ಷದೊಳಗಿನ ಮಗುವಿನ ಹಿತಕ್ಕಾಗಿ, ಪಾಲಕರ ಅಥವಾ ಮಗುವನ್ನು ನ್ಯಾಯಸಮ್ಮತವಾಗಿ ನೋಡಿಕೊಳ್ಳುತ್ತಿರುವವರ ಒಪ್ಪಿಗೆಯಿಂದ, ಸದ್ಭಾವನೆಯಿಂದ ಮಾಡಿದ ಕಾರ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 27ನೆಯ ಕಲಮು ರಕ್ಷಣೆ ನೀಡುತ್ತದೆ. ಆದರೂ ಶಸ್ತ್ರಚಿಕಿತ್ಸೆಗೆ ಮುನ್ನ ತಂದೆತಾಯಿಯರ ಇಲ್ಲವೇ ಪಾಲಕರ ಲಿಖಿತ ಒಪ್ಪಿಗೆ ಪಡೆಯಬೇಕೆಂದು ವೈದ್ಯರಿಗೆ 2002ರ ವೃತ್ತಿ ನಿಯಮಗಳು ಹೇಳುತ್ತವೆ. ಆದ್ದರಿಂದ ತಡೆದು ಮಾಡಬಹುದಾದ ಶಸ್ತ್ರಚಿಕಿತ್ಸೆಗೆ ತಂದೆತಾಯಿಯರನ್ನು ಕರೆಸುವುದೇ ಲೇಸು.

ತುರ್ತು ಸಂದರ್ಭದ ಮಾತೇ ಬೇರೆ. ಹಾವು ಕಚ್ಚಿದಾಗ, ತಲೆಗೆ ಪೆಟ್ಟಾದಾಗ ಒಪ್ಪಿಗೆ ಪಡೆಯಲು ಸಮಯವಿಲ್ಲದಿದ್ದರೆ, ಒಪ್ಪಿಗೆಯಿಲ್ಲದೆಯೂ ಸದ್ಭಾವನೆಯಿಂದ ಚಿಕಿತ್ಸೆ ನೀಡುವ ವೈದ್ಯರಿಗೆ ಅದೇ ಸಂಹಿತೆಯ 30ನೆಯ ಕಲಮಿನ ರಕ್ಷಣೆಯಿದೆ. ಜೀವ ಉಳಿಸುವುದು ಪ್ರತಿಯೊಬ್ಬ ವೈದ್ಯನ ಕರ್ತವ್ಯವೆಂದು 1989ರಲ್ಲಿಯೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಾರಿದೆ. ಆದುದರಿಂದ ಮಗನ ಫೋನು ಹತ್ತಲಿಲ್ಲವೆಂದು ಮನೆಯಲ್ಲಿ ಕಾಯಬಾರದು. 108ಕ್ಕೆ ಕರೆ ಮಾಡಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ನಾವು ವೈದ್ಯರು ಕೊಡುವ ಕಷಾಯ, ಲೇಪಗಳಿಗೂ ಅದು ಕಾಲವಲ್ಲ.

ಊರು ಬಿಡುವ ತಂದೆತಾಯಿಯರು ಒಂದು ಪತ್ರ ಬರೆದಿಡುವುದು ಉತ್ತಮ. ಮಗುವಿನ ಹೆಸರು, ಜನ್ಮದಿನಾಂಕ, ನೋಡಿಕೊಳ್ಳುವವರ ಹೆಸರು ಮತ್ತು ಸಂಬಂಧ, ಚಿಕಿತ್ಸೆಗೆ ಒಪ್ಪಿಗೆ ನೀಡಲು ಅವರಿಗೆ ಅನುಮತಿ, ಅದರ ಅವಧಿ, ಮಗುವಿಗೆ ಒಗ್ಗದ ಔಷಧಿ, ಹಳೆಯ ಕಾಯಿಲೆಗಳು, ಇಬ್ಬರ ದೂರವಾಣಿ ಸಂಖ್ಯೆ ಮತ್ತು ಸಹಿ ಅದರಲ್ಲಿರಲಿ. ಆಧಾರ್ ಪ್ರತಿಯನ್ನೂ ಜೊತೆಗಿಡಿ. ಈ ಪತ್ರದಿಂದ ಅಜ್ಜಿ ಕಾನೂನುಬದ್ಧ ಪಾಲಕಿಯಾಗುವುದಿಲ್ಲ. ಆದರೆ ತಂದೆತಾಯಿಯರ ಇಚ್ಛೆ ವೈದ್ಯರಿಗೆ ಸ್ಪಷ್ಟವಾಗುತ್ತದೆ. ತಂದೆತಾಯಿಯರಿಬ್ಬರೂ ಇಲ್ಲದ ಮಗುವಿಗಾದರೆ 1890ರ ಕಾಯ್ದೆಯಂತೆ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿ ಪಾಲಕತ್ವ ಪಡೆಯಬಹುದು.

ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆಂದು ಬರುವ ಸದ್ಭಕ್ತರು ಮರಳಿ ಹೊರಡುವ ಮುನ್ನ ಈ ಪತ್ರವನ್ನು ಬರೆದು, ಒಂದು ಪ್ರತಿಯನ್ನು ಮಗುವಿನ ಹಿರಿಯರಿಗೂ ಇನ್ನೊಂದನ್ನು ನಿಲಯದ ಮೇಲ್ವಿಚಾರಕರಿಗೂ ಒಪ್ಪಿಸಬೇಕೆಂದು ನಾವು ವಿನಂತಿಸುತ್ತೇವೆ.