ಮಳೆಗಾಲದ ಭೇದಿಯೂ ಒಂದು ಚಿಟಿಕೆ ಉಪ್ಪೂ

ಬೇಸಗೆಯಲ್ಲಿ ಬೆಂದ ನೆಲಕ್ಕೆ ಮೊದಲ ಮಳೆ ಬಿದ್ದಾಗ ಎಲ್ಲರಿಗೂ ಸಂತೋಷವೇ. ಆದರೆ ಅದೇ ಮಳೆಯ ನೀರು ಊರಿನ ಕೊಳೆಯನ್ನೆಲ್ಲ ತೊಳೆದುಕೊಂಡು ಕೆರೆ ಬಾವಿಗಳನ್ನು ಸೇರುತ್ತದೆ. ಬಿರುಕುಬಿಟ್ಟ ಕೊಳಾಯಿಗಳೊಳಕ್ಕೂ ನುಸುಳುತ್ತದೆ. ಕೆಲವು ದಿನಗಳಲ್ಲಿಯೇ ನಮ್ಮ ಮನೆಯಲ್ಲೊಬ್ಬರಿಗೆ, ನೆರೆಮನೆಯಲ್ಲೊಬ್ಬರಿಗೆ ವಾಂತಿಭೇದಿ ಕಾಣಿಸಿಕೊಳ್ಳುವುದುಂಟು. ದೊಡ್ಡವರು ಸಾಮಾನ್ಯವಾಗಿ ಎರಡು ದಿನ ನರಳಿ ಎದ್ದು ಕೂರುತ್ತಾರೆ. ಎಳೆಯ ಮಕ್ಕಳ ಪಾಡು ಹಾಗಲ್ಲ. ಬೆಳಗ್ಗೆ ಆಡುತ್ತಿದ್ದ ಮಗು ಸಂಜೆಯ ಹೊತ್ತಿಗೆ ಕಣ್ಣು ಗುಳಿಬಿದ್ದು, ಬಾಯಿ ಒಣಗಿ, ತಾಯಿಯ ತೊಡೆಯ ಮೇಲೆ ಸೊರಗಿ ಮಲಗಿಬಿಡಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಇಂದಿಗೂ ಜಗತ್ತಿನಲ್ಲಿ ವರ್ಷಕ್ಕೆ ೪ ಲಕ್ಷಕ್ಕೂ ಮೀರಿ ಐದು ವರ್ಷದೊಳಗಿನ ಮಕ್ಕಳು ಭೇದಿಗೆ ಬಲಿಯಾಗುತ್ತಿದ್ದಾರೆ.

ಇಂತಹ ಹೊತ್ತಿನಲ್ಲಿ ಎಷ್ಟೋ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: “ಮಗುವಿಗೆ ನೀರು ಕೊಡಬೇಡಿ, ಕೊಟ್ಟಷ್ಟೂ ಹೊರಕ್ಕೇ ಹೋಗುತ್ತದೆ. ಹೊಟ್ಟೆ ಖಾಲಿ ಇರಲಿ.” ಕೇಳಿದರೆ ಯುಕ್ತವೆಂದೇ ತೋರುವ ಮಾತು. ತೂತುಬಿದ್ದ ಕೊಡಕ್ಕೆ ನೀರು ಹೊಯ್ದು ಫಲವೇನು? ಆದರೆ ಕರುಳು ತೂತುಬಿದ್ದ ಕೊಡವಲ್ಲ. ಈ ಮಾತು ತಪ್ಪೆಂಬುದನ್ನು ವಿಜ್ಞಾನವು ಖಚಿತವಾಗಿ ತೋರಿಸಿಕೊಟ್ಟಿದೆ. ತೋರಿಸಿ ಕೋಟ್ಯಂತರ ಜೀವಗಳನ್ನು ಉಳಿಸಿದೆ. ಅದು ಹೇಗೆಂಬುದನ್ನು ತಿಳಿಯಬೇಕಾದರೆ ನಾವು ಮೊದಲು ಕರುಳಿನ ದಿನಚರಿಯನ್ನು ಸ್ವಲ್ಪ ನೋಡಬೇಕು.

ಕರುಳಿನ ಜಮಾಖರ್ಚು

ಬೆಳೆದ ಮನುಷ್ಯನ ದೇಹದ ತೂಕದಲ್ಲಿ ನೂರಕ್ಕೆ ಸುಮಾರು ೬೦ ಪಾಲು ನೀರು. ಹಸುಗೂಸಿನಲ್ಲಿ ಅದು ೭೫ ಪಾಲಿನಷ್ಟು. ನಾವು ದಿನವೊಂದಕ್ಕೆ ಆಹಾರಪಾನೀಯಗಳ ಮೂಲಕ ಸುಮಾರು ೨ ಲೀಟರು ನೀರನ್ನು ಒಳಕ್ಕೆ ತೆಗೆದುಕೊಳ್ಳುತ್ತೇವೆ. ಆದರೆ ಕರುಳಿಗೆ ಬರುವ ದ್ರವ ಇಷ್ಟೇ ಅಲ್ಲ. ಜೊಲ್ಲು, ಜಠರರಸ, ಪಿತ್ತರಸ ಮೊದಲಾದ ಜೀರ್ಣರಸಗಳ ರೂಪದಲ್ಲಿ ದೇಹವೇ ಇನ್ನೂ ೬-೭ ಲೀಟರು ದ್ರವವನ್ನು ಅನ್ನನಾಳದೊಳಕ್ಕೆ ಸುರಿಸುತ್ತದೆ. ಹೀಗೆ ಬಂದ ೮-೯ ಲೀಟರುಗಳಲ್ಲಿ ಮಲದೊಡನೆ ಹೊರಕ್ಕೆ ಹೋಗುವುದು ಒಂದು ಲೋಟದಷ್ಟು ಮಾತ್ರ. ಉಳಿದುದನ್ನೆಲ್ಲ ಕರುಳು ಮರಳಿ ಹೀರಿ ರಕ್ತಕ್ಕೆ ಒಪ್ಪಿಸುತ್ತದೆ.

ಕರುಳು ನೀರನ್ನು ಹೀರುವ ಬಗೆಯೂ ಸ್ವಾರಸ್ಯವಾದುದು. ಅದು ನೀರನ್ನು ನೇರವಾಗಿ ಎಳೆದುಕೊಳ್ಳಲಾರದು. ಉಪ್ಪನ್ನು ಒಳಕ್ಕೆ ಸಾಗಿಸುತ್ತದೆ, ನೀರು ಅದರ ಬೆನ್ನು ಹತ್ತಿ ಹೋಗುತ್ತದೆ. ಉಪ್ಪಿನಕಾಯಿಗೆಂದು ಮಾವಿನ ಮಿಡಿಗೆ ಉಪ್ಪು ಹಾಕಿಟ್ಟರೆ ಮರುದಿನ ಮಿಡಿಗಳು ಚಿರುಟಿ ಜಾಡಿಯಲ್ಲಿ ನೀರು ನಿಂತಿರುವುದನ್ನು ಎಲ್ಲರೂ ಕಂಡಿದ್ದೇವೆ. ಉಪ್ಪು ಹೆಚ್ಚಿರುವ ಕಡೆಗೆ ನೀರು ಹರಿಯುತ್ತದೆ. ವಿದ್ಯಾರ್ಥಿಗಳು ಪಾಠದಲ್ಲಿ ಆಸ್ಮಾಸಿಸ್ ಎಂದು ಓದುವುದು ಇದನ್ನೇ.

ಭೇದಿಯಲ್ಲಿ ಈ ಜಮಾಖರ್ಚು ಏರುಪೇರಾಗುತ್ತದೆ. ಇದರ ಅತ್ಯಂತ ಉಗ್ರ ರೂಪವೇ ಕಾಲರಾ. ಕಾಲರಾ ರೋಗಾಣು ಕರುಳಿನ ಗೋಡೆಯನ್ನು ಕೊರೆಯುವುದಿಲ್ಲ. ಒಂದು ವಿಷವನ್ನು ಮಾತ್ರ ಸ್ರವಿಸುತ್ತದೆ. ಈ ವಿಷವನ್ನು ಮೊಲದ ಕರುಳಿನ ಮೇಲೆ ಪ್ರಯೋಗಿಸಿ ೧೯೫೯ರಲ್ಲಿ ತೋರಿಸಿಕೊಟ್ಟವರು ಕಲ್ಕತ್ತೆಯ ಶಂಭುನಾಥ ದೇ ಎಂಬ ವಿಜ್ಞಾನಿಗಳು. ಈ ವಿಷ ತಗುಲಿದ ಜೀವಕೋಶಗಳು ಉಪ್ಪನ್ನು ಎಂದಿನಂತೆ ಒಳಕ್ಕೆ ತೆಗೆದುಕೊಳ್ಳುವುದರ ಬದಲು ಎಡೆಬಿಡದೆ ಹೊರಕ್ಕೆ ಸುರಿಯತೊಡಗುತ್ತವೆ. ಉಪ್ಪಿನ ಹಿಂದೆ ನೀರೂ ಹೋಗುತ್ತದೆ. ತೀವ್ರವಾದ ಕಾಲರಾದಲ್ಲಿ ಗಂಟೆಗೆ ಒಂದು ಲೀಟರಿನಷ್ಟು ದ್ರವ ನಷ್ಟವಾಗುವುದುಂಟು. ರಕ್ತ ದಪ್ಪವಾಗುತ್ತದೆ, ನಾಡಿ ಕ್ಷೀಣಿಸುತ್ತದೆ, ಮೂತ್ರ ನಿಲ್ಲುತ್ತದೆ.

ಆದುದರಿಂದ ಬಹುತೇಕ ಭೇದಿಗಳಲ್ಲಿ ಕೊಲ್ಲುವುದು ರೋಗಾಣುವಲ್ಲ, ನೀರು ಮತ್ತು ಉಪ್ಪಿನ ನಷ್ಟ. ಹತ್ತು ಕಿಲೋಗ್ರಾಂ ತೂಕದ ಮಗು ಒಂದು ಲೀಟರು ದ್ರವವನ್ನು ಕಳೆದುಕೊಂಡರೆ ಅದರ ತೂಕದ ಹತ್ತನೆಯ ಒಂದು ಪಾಲೇ ಹೋದಂತೆ. ಅಲ್ಲಿಗೆ ಪ್ರಾಣಾಪಾಯವೇ ಸರಿ. ಇಂತಹ ಮಗುವಿಗೆ ನೀರು ಕೊಡದಿರುವುದೆಂದರೆ ರೋಗದ ಕೆಲಸಕ್ಕೆ ನಾವೇ ಕೈಗೂಡಿಸಿದಂತೆ.

ಮುಚ್ಚದೆ ಉಳಿದ ಬಾಗಿಲು

ಕಳೆದ ನೀರನ್ನು ತುಂಬಿಕೊಡಬೇಕೆಂಬ ಯೋಚನೆ ಹೊಸದಲ್ಲ. ೧೮೩೨ರಲ್ಲಿಯೇ ಸ್ಕಾಟ್ಲೆಂಡಿನ ಥಾಮಸ್ ಲಾಟ್ಟಾ ಎಂಬ ವೈದ್ಯನು ಕಾಲರಾ ರೋಗಿಗಳ ರಕ್ತನಾಳಕ್ಕೆ ಉಪ್ಪುನೀರನ್ನು ಸೇರಿಸಿ, ಸಾಯುತ್ತಿದ್ದವರು ಚೇತರಿಸಿಕೊಂಡುದನ್ನು ಕಂಡನು. ಕಾಲಕ್ರಮದಲ್ಲಿ ಈ ವಿಧಾನ ಸುಧಾರಿಸಿತು. ಆದರೆ ಅದಕ್ಕೆ ಕ್ರಿಮಿಶುದ್ಧವಾದ ದ್ರವ ಬೇಕು, ಸೂಜಿ ಬೇಕು, ಬಲ್ಲ ಕೈ ಬೇಕು, ಆಸ್ಪತ್ರೆ ಬೇಕು. ಹಳ್ಳಿಯ ಗುಡಿಸಿಲಿಗೆ ಅದು ಎಟುಕುವಂತಹುದಲ್ಲ.

ಬಾಯಿಯ ಮೂಲಕವೇ ಏಕೆ ಕೊಡಬಾರದು? ಬರಿಯ ಉಪ್ಪುನೀರನ್ನು ಕುಡಿಸಿದರೆ ರೋಗಪೀಡಿತವಾದ ಕರುಳು ಅದನ್ನು ಹೀರದು. ಕಾಲರಾದಲ್ಲಿ ಕರುಳಿನ ಒಳಪದರವೇ ಕಳಚಿಹೋಗುವುದೆಂದು ಬಹುಕಾಲ ನಂಬಿದ್ದುದರಿಂದ ಈ ದಾರಿಯ ಮೇಲೆ ಹೆಚ್ಚಿನವರಿಗೆ ಭರವಸೆ ಇರಲಿಲ್ಲ. ೧೯೬೦ರ ಸುಮಾರಿಗೆ ರೋಗಿಗಳ ಕರುಳಿನ ಪದರವನ್ನೇ ತೆಗೆದು ಪರೀಕ್ಷಿಸಿದಾಗ ಅದು ಇಡಿಯಾಗಿಯೇ ಇದ್ದುದು ಕಂಡುಬಂದಿತು. ಅದೇ ವರ್ಷ ರಾಬರ್ಟ್ ಕ್ರೇನ್ ಎಂಬ ಅಮೆರಿಕದ ಜೀವರಸಾಯನ ವಿಜ್ಞಾನಿ ಮತ್ತೊಂದು ಸಂಗತಿಯನ್ನು ಮುಂದಿಟ್ಟನು. ಕರುಳಿನ ಜೀವಕೋಶಗಳಲ್ಲಿ ಗ್ಲೂಕೋಸ್ ಸಕ್ಕರೆಯನ್ನು ಒಳಕ್ಕೆ ಬಿಡುವ ಒಂದು ವಿಶೇಷವಾದ ಬಾಗಿಲಿದೆ. ಈ ಬಾಗಿಲು ಸಕ್ಕರೆಯೊಂದಕ್ಕೇ ತೆರೆಯುವುದಿಲ್ಲ, ಉಪ್ಪಿನ ಸೋಡಿಯಂ ಒಂದಕ್ಕೇ ತೆರೆಯುವುದೂ ಇಲ್ಲ. ಎರಡೂ ಜೊತೆಯಾಗಿ ಬಂದರೆ ಮಾತ್ರ ಒಳಕ್ಕೆ ಪ್ರವೇಶ. ಅವು ಒಳಹೊಕ್ಕರೆ ನೀರೂ ಹಿಂಬಾಲಿಸುತ್ತದೆ.

ಕಾಲರಾ ವಿಷವು ಉಪ್ಪಿನ ಬೇರೆ ದಾರಿಗಳನ್ನು ಕೆಡಿಸಿದರೂ ಈ ಬಾಗಿಲನ್ನು ಮುಟ್ಟುವುದಿಲ್ಲ! ೧೯೬೮ರಲ್ಲಿ ಢಾಕಾದಲ್ಲಿ ಡೇವಿಡ್ ನಲಿನ್, ರಿಚರ್ಡ್ ಕ್ಯಾಶ್ ಮೊದಲಾದ ವೈದ್ಯರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಕಾಲರಾ ರೋಗಿಗಳಿಗೆ ಕುಡಿಸಿ, ರಕ್ತನಾಳದ ಮೂಲಕ ಕೊಡಬೇಕಾದ ದ್ರವದ ಬಹುಪಾಲನ್ನು ಹೀಗೆ ಉಳಿಸಬಹುದೆಂದು ತೋರಿಸಿದರು.

ಬನಗಾಂವ್‌ನ ಪರೀಕ್ಷೆ

ಈ ಅರಿವಿಗೆ ನಿಜವಾದ ಪರೀಕ್ಷೆ ಒದಗಿದುದು ೧೯೭೧ರಲ್ಲಿ. ಬಾಂಗ್ಲಾದೇಶದ ವಿಮೋಚನಾ ಯುದ್ಧದ ಆ ವರ್ಷ ಲಕ್ಷಾಂತರ ನಿರಾಶ್ರಿತರು ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬಂದರು. ಮಳೆಗಾಲ, ನೂಕುನುಗ್ಗಲಿನ ಶಿಬಿರಗಳು, ಕೆಟ್ಟ ನೀರು. ಕಾಲರಾ ಕಾಳ್ಗಿಚ್ಚಿನಂತೆ ಹಬ್ಬಿತು. ಗಡಿಯ ಬನಗಾಂವ್ ಪಟ್ಟಣದ ಆಸ್ಪತ್ರೆಯಲ್ಲಿ ರೋಗಿಗಳು ನೆಲದ ಮೇಲೆಲ್ಲ ಮಲಗಿದ್ದರು. ಅಲ್ಲಿಗೆ ಬಂದ ಡಾ. ದಿಲೀಪ್ ಮಹಾಲನಬೀಸ್ ಎಂಬ ಮಕ್ಕಳ ವೈದ್ಯರ ಬಳಿ ರಕ್ತನಾಳಕ್ಕೆ ಕೊಡುವ ದ್ರವ ಬೇಗನೆ ಮುಗಿಯುತ್ತ ಬಂದಿತು. ಉಳಿದುದು ಒಂದೇ ದಾರಿ. ಗ್ಲೂಕೋಸ್, ಅಡಿಗೆಯ ಉಪ್ಪು, ಅಡಿಗೆಯ ಸೋಡಗಳನ್ನು ಕಲ್ಕತ್ತೆಯಲ್ಲಿ ತೂಗಿ ಚೀಲಗಳಲ್ಲಿ ತುಂಬಿಸಿ ತರಿಸಿದರು. ಡ್ರಮ್ಮುಗಳಲ್ಲಿ ನೀರಿಗೆ ಬೆರೆಸಿ ನಲ್ಲಿ ಜೋಡಿಸಿದರು. ರೋಗಿಗಳ ತಾಯಿಯರು, ಅಣ್ಣತಮ್ಮಂದಿರು ಲೋಟ ಹಿಡಿದು ಬಂದು, ತುಂಬಿಸಿಕೊಂಡು ಹೋಗಿ, ತಮ್ಮವರಿಗೆ ತಾವೇ ಕುಡಿಸಿದರು.

ಪರಿಣಾಮವೇನಾಯಿತು? ಮೊದಲು ನೂರಕ್ಕೆ ೩೦ರಷ್ಟಿದ್ದ ಸಾವು ನೂರಕ್ಕೆ ೩.೬ಕ್ಕೆ ಇಳಿಯಿತು. ಸಾವಿರಾರು ಮಂದಿಯನ್ನು ಉಳಿಸಿದುದು ದುಬಾರಿ ಔಷಧಿಯಲ್ಲ, ತಿಳಿದು ಬೆರೆಸಿದ ನೀರು. ಕುಡಿಸಿದವರು ದಾದಿಯರಲ್ಲ, ಮನೆಯವರು. ಲ್ಯಾನ್ಸೆಟ್ ಎಂಬ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯು ೧೯೭೮ರ ತನ್ನ ಸಂಪಾದಕೀಯದಲ್ಲಿ, ಇದು ಪ್ರಾಯಶಃ ಆ ಶತಮಾನದ ಅತ್ಯಂತ ಮಹತ್ವದ ವೈದ್ಯಕೀಯ ಮುನ್ನಡೆಯೆಂದು ಬರೆಯಿತು. ಮಹಾಲನಬೀಸರು ೨೦೨೨ರಲ್ಲಿ ತೀರಿಕೊಂಡರು. ೨೦೨೩ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು.

ಮನೆಯಲ್ಲಿ ನಾವು ಮಾಡಬೇಕಾದುದು

ಆ ಮಿಶ್ರಣದ ಸುಧಾರಿಸಿದ ರೂಪವೇ ಇಂದು ಔಷಧಿಯಂಗಡಿಗಳಲ್ಲಿ, ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ದೊರೆಯುವ ಓ.ಆರ್.ಎಸ್. ಪೊಟ್ಟಣ. ವಿಶ್ವ ಆರೋಗ್ಯ ಸಂಸ್ಥೆಯು ೨೦೦೨ರಲ್ಲಿ ಗೊತ್ತುಪಡಿಸಿದಂತೆ, ಒಂದು ಲೀಟರಿಗೆ ಉಪ್ಪು ೨.೬ ಗ್ರಾಂ, ಗ್ಲೂಕೋಸ್ ೧೩.೫ ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ ೧.೫ ಗ್ರಾಂ, ಸೋಡಿಯಂ ಸಿಟ್ರೇಟ್ ೨.೯ ಗ್ರಾಂ ಇರಬೇಕು. ಪೊಟ್ಟಣದ ಮೇಲೆ ಎಷ್ಟು ನೀರೆಂದು ಬರೆದಿದೆಯೋ ಅಷ್ಟೇ ನೀರಿಗೆ, ಇಡೀ ಪೊಟ್ಟಣವನ್ನು ಒಮ್ಮೆಗೇ ಬೆರೆಸಬೇಕು. ನೀರು ಕುದಿಸಿ ಆರಿಸಿದ್ದಾಗಿರಲಿ. ಇಪ್ಪತ್ತನಾಲ್ಕು ಗಂಟೆ ಕಳೆದ ಮೇಲೆ ಉಳಿದುದನ್ನು ಚೆಲ್ಲಿ ಹೊಸದಾಗಿ ಮಾಡಿಕೊಳ್ಳಬೇಕು.

ಪೊಟ್ಟಣ ಕೈಗೆ ಸಿಗದಿದ್ದರೆ? ಒಂದು ಲೀಟರು ಶುದ್ಧವಾದ ನೀರಿಗೆ ಟೀ ಚಮಚೆಯಲ್ಲಿ ಸಮಮಟ್ಟವಾಗಿ ಆರು ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು. ಈ ಅಳತೆಯನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡಿಕೊಂಡರೆ ಲೇಸು. ಬಾಂಗ್ಲಾದೇಶದಲ್ಲಿ ೧೯೮೦ರ ದಶಕದಲ್ಲಿ ಬ್ರ್ಯಾಕ್ ಎಂಬ ಸಂಸ್ಥೆಯ ಕಾರ್ಯಕರ್ತೆಯರು ಕೋಟಿಗೂ ಮಿಕ್ಕ ಮನೆಗಳ ಬಾಗಿಲಿಗೆ ಹೋಗಿ, ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂದು ತಾಯಂದಿರಿಗೆ ಕಲಿಸಿದರು.

ಅಳತೆ ತಪ್ಪಬಾರದೆಂಬುದಕ್ಕೆ ಕಾರಣವಿದೆ. ಉಪ್ಪು ಹೆಚ್ಚಾದರೆ ಮಗುವಿನ ರಕ್ತದಲ್ಲಿ ಸೋಡಿಯಂ ಏರಿ ಅಪಾಯವುಂಟಾಗುತ್ತದೆ. ಸಕ್ಕರೆ ಹೆಚ್ಚಾದರೆ ಮಾವಿನ ಮಿಡಿಯ ನ್ಯಾಯದಂತೆ ಅದು ದೇಹದ ನೀರನ್ನೇ ಕರುಳಿನೊಳಕ್ಕೆ ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ಸೀಸೆಯ ತಂಪು ಪಾನೀಯಗಳೂ ಅತಿಸಿಹಿಯಾದ ಹಣ್ಣಿನ ರಸಗಳೂ ಭೇದಿಗೆ ಸಲ್ಲದಿರುವುದು ಇದರಿಂದಲೇ.

ಈ ಸಂದರ್ಭದಲ್ಲಿ ನಮ್ಮ ಅಡಿಗೆಮನೆಯನ್ನೂ ನೆನೆಯಬೇಕು. ಉಪ್ಪು ಹಾಕಿದ ಅಕ್ಕಿಯ ಗಂಜಿಯಲ್ಲಿ ಪಿಷ್ಟವು ಕರುಳಿನಲ್ಲಿ ಒಡೆದು ಗ್ಲೂಕೋಸಾಗುತ್ತದೆ. ಜೊತೆಗೆ ಉಪ್ಪೂ ಇರುವುದರಿಂದ ಅದೇ ಬಾಗಿಲು ತೆರೆಯುತ್ತದೆ. ಕ್ರೇನನ ಸಿದ್ಧಾಂತವನ್ನು ಕೇಳದಿದ್ದ ಅಜ್ಜಿಯರ ಗಂಜಿ ಮಗುವನ್ನು ಕಾಪಾಡುತ್ತಿದ್ದುದು ಹೀಗೆ. ಉಪ್ಪು ಬೆರೆಸಿದ ತಿಳಿಮಜ್ಜಿಗೆಯೂ ಒಳ್ಳೆಯದು. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳವಾಗಿದ್ದರೂ ಸೋಡಿಯಂ ಕಡಿಮೆ. ಆದುದರಿಂದ ಅದನ್ನು ಕೊಡಬಹುದಾದರೂ ಅದೊಂದನ್ನೇ ನಂಬಬಾರದು.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ ೫೦ರಿಂದ ೧೦೦ ಮಿಲಿಲೀಟರು, ಅದಕ್ಕಿಂತ ದೊಡ್ಡ ಮಕ್ಕಳಿಗೆ ೧೦೦ರಿಂದ ೨೦೦ ಮಿಲಿಲೀಟರು ದ್ರಾವಣವನ್ನು ಕುಡಿಸಬೇಕು. ದೊಡ್ಡವರು ಬೇಕಾದಷ್ಟು ಕುಡಿಯಬಹುದು. ಮಗು ವಾಂತಿ ಮಾಡಿಕೊಂಡರೆ ಹತ್ತು ನಿಮಿಷ ತಡೆದು, ಮತ್ತೆ ಚಮಚೆ ಚಮಚೆಯಾಗಿ ನಿಧಾನವಾಗಿ ಮುಂದುವರಿಸಬೇಕು. ಮೊಲೆಹಾಲನ್ನು ಎಂದಿಗೂ ನಿಲ್ಲಿಸಬಾರದು. ಅನ್ನ ಉಣ್ಣುವ ಮಕ್ಕಳಿಗೆ ಊಟವನ್ನೂ ನಿಲ್ಲಿಸಬಾರದು. ಹಸಿದ ಕರುಳಿಗಿಂತ ಉಂಡ ಕರುಳು ಬೇಗ ಗುಣವಾಗುತ್ತದೆ. ವೈದ್ಯರು ಹತ್ತು ಹದಿನಾಲ್ಕು ದಿನ ಸತುವಿನ ಮಾತ್ರೆಯನ್ನು ಬರೆದುಕೊಟ್ಟರೆ, ಭೇದಿ ನಿಂತ ಮೇಲೂ ಅದನ್ನು ಪೂರೈಸಬೇಕು.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಈ ದ್ರಾವಣ ಭೇದಿಯನ್ನು ಕೂಡಲೆ ನಿಲ್ಲಿಸುವುದಿಲ್ಲ. ಎರಡು ಲೋಟ ಕುಡಿಸಿ, “ಭೇದಿ ಇನ್ನೂ ನಿಲ್ಲಲಿಲ್ಲ, ಇದರಿಂದ ಪ್ರಯೋಜನವಿಲ್ಲ” ಎಂದು ಕೈಬಿಡುವ ಮನೆಗಳುಂಟು. ಕರುಳಿನ ಒಳಪದರದ ಜೀವಕೋಶಗಳು ಕೆಲವೇ ದಿನಗಳಲ್ಲಿ ಉದುರಿ ಹೊಸವು ಹುಟ್ಟುತ್ತವೆ. ರೋಗ ತಾನಾಗಿಯೇ ತೊಲಗುತ್ತದೆ. ಅಲ್ಲಿಯವರೆಗೆ ದೇಹದ ನೀರು ಬತ್ತದಂತೆ ನೋಡಿಕೊಳ್ಳುವುದೇ ಈ ದ್ರಾವಣದ ಕೆಲಸ. ಅದು ಫಲ ಕೊಡುತ್ತಿದೆಯೇ ಎಂಬುದನ್ನು ಮಲವನ್ನು ನೋಡಿ ಅಲ್ಲ, ಮಗುವನ್ನು ನೋಡಿ ತಿಳಿಯಬೇಕು: ನಾಲಿಗೆ ಒದ್ದೆಯಾಗಿದೆಯೇ, ಮೂತ್ರ ಹೋಗುತ್ತಿದೆಯೇ, ಮುಖದಲ್ಲಿ ಗೆಲುವಿದೆಯೇ?

ಮಗು ಕುಡಿಯಲಾರದೆ ಹೋದರೆ, ಮಂಕಾಗಿ ಎಚ್ಚರ ತಪ್ಪುವಂತಿದ್ದರೆ, ಕಣ್ಣು ಗುಳಿಬಿದ್ದರೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಅದು ನಿಧಾನವಾಗಿ ಇಳಿದರೆ, ಆರು ಗಂಟೆಗಳಿಂದ ಮೂತ್ರ ಹೋಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮಗು ನುಂಗಬಲ್ಲುದಾದರೆ ದಾರಿಯುದ್ದಕ್ಕೂ ಗುಟುಕು ಗುಟುಕಾಗಿ ಕುಡಿಸುತ್ತಲೇ ಇರಬೇಕು.

ರೋಗ ಬಾರದಂತೆ ತಡೆಯುವುದೇ ಮೇಲೆಂಬುದರಲ್ಲಿ ಸಂದೇಹವಿಲ್ಲ. ಕುದಿಸಿದ ನೀರು, ಶೌಚದ ನಂತರವೂ ಊಟಕ್ಕೆ ಮೊದಲೂ ಸಾಬೂನಿನಿಂದ ತೊಳೆದ ಕೈ, ಮುಚ್ಚಿಟ್ಟ ಆಹಾರ, ಎಳೆಯ ಮಕ್ಕಳಿಗೆ ರೋಟಾವೈರಸ್ ಲಸಿಕೆ: ಇವು ನಮ್ಮ ಕೋಟೆಗಳು. ಆದರೆ ಕೋಟೆಯೂ ಒಮ್ಮೊಮ್ಮೆ ಒಡೆಯುವುದುಂಟು. ಆದುದರಿಂದ ಮಳೆಗಾಲಕ್ಕೆ ಮೊದಲು ಕೊಡೆಯನ್ನು ರಿಪೇರಿ ಮಾಡಿಸುವಂತೆಯೇ ಮನೆಯಲ್ಲಿ ಎರಡು ಓ.ಆರ್.ಎಸ್. ಪೊಟ್ಟಣಗಳನ್ನು ತಂದಿಟ್ಟಿರೋಣ. “ನೀರು ಕೊಡಬೇಡಿ” ಎಂಬ ಮಾತು ಮನೆಯಲ್ಲಿ ಕೇಳಿಬಂದಾಗ, ಆರು ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು, ಒಂದು ಲೀಟರು ನೀರು ಎಂದು ಹೇಳಿ ಲೋಟವನ್ನು ಕೈಗೆತ್ತಿಕೊಳ್ಳುವವರು ಅದನ್ನು ಓದಿ ತಿಳಿದ ನಾವೇ ಆಗಿರಬೇಕು.