ಹಸ್ತಲಾಘವದ ಶಿಕ್ಷಣವೂ ಸ್ಪರ್ಶವೀಯುವ ಯಂತ್ರಗಳೂ

ಒಂದು ವಿದ್ಯೆಯು ಒಬ್ಬನಿಗೆ ಸಂಪೂರ್ಣವಾಗಿ ಬಂದಿತೆಂದು ಹೇಳಬೇಕಾದಾಗ ಕನ್ನಡವು ಕೈಯನ್ನೇ ಸಾಕ್ಷಿಗೆ ಕರೆಯುತ್ತದೆ. 'ಕರಗತ', 'ಕೈವಶ', 'ಕೈಗೂಡಿತು', 'ಪಳಗಿದ ಕೈ' ಎಂಬ ನುಡಿಗಳೆಲ್ಲ ಈ ಅರ್ಥದವೇ. ಸಂಸ್ಕೃತದಿಂದ ಬಂದ 'ಹಸ್ತಲಾಘವ' ಎಂಬ ಶಬ್ದವು ಇನ್ನೂ ಸೊಗಸಾದುದು. ಲಾಘವವೆಂದರೆ ಹಗುರತನ. ಅಭ್ಯಾಸಬಲದಿಂದ ಕೈಗೆ ಕೆಲಸದ ಭಾರವೇ ತಿಳಿಯದಂತಾಗುವುದು ಹಸ್ತಲಾಘವ. ಈ ಲಾಘವವನ್ನು ಪ್ರಾಯಕ್ಕೆ ಬಂದವರಿಗೂ ಕಲಿಸಬಹುದೇ, ಕಲಿಸುವಲ್ಲಿ ಯಂತ್ರವು ನೆರವಾಗಬಲ್ಲುದೇ ಎಂಬುದು ಇಂದು ವೈದ್ಯರೂ ಎಂಜಿನಿಯರುಗಳೂ ಅಧ್ಯಾಪಕರೂ ಕೂಡಿ ವಿಚಾರಿಸುತ್ತಿರುವ ಪ್ರಶ್ನೆಯಾಗಿದೆ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಗೆ ಈ ಪ್ರಶ್ನೆಯು ಹೊಸತಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗರಾಮೇಶ್ವರಗಳಲ್ಲಿ ಕ್ರಿ.ಪೂ. 3ನೆಯ ಶತಮಾನದ ಅಶೋಕ ಶಾಸನಗಳಿವೆ. ಅವನ್ನು ಬರೆದ ಚಪಡನೆಂಬ ಲಿಪಿಕಾರನು ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು, ತನ್ನ ವೃತ್ತಿಯನ್ನು ಹೇಳುವ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ, ಬರೆದಿದ್ದಾನೆ. ಕೈಗೆ ಬಂದ ವಿದ್ಯೆಯು ದೇಶಾಂತರಕ್ಕೂ ಕೈಯೊಡನೆಯೇ ಬರುವುದೆಂಬುದಕ್ಕೆ ಆ ಬಂಡೆಗಳು ಸಾಕ್ಷಿಯಾಗಿವೆ.

ಇಂದಿಗೂ ಈ ಸೀಮೆಯು ಕೈಯ ಕಸುಬುಗಳಿಗೆ ಹೆಸರಾದುದು. ಚಳ್ಳಕೆರೆಯ ಸುತ್ತಣ ಕುರುಬರ ಮನೆಗಳಲ್ಲಿ ಕುರಿಯ ಉಣ್ಣೆಯಿಂದ ಕಂಬಳಿ ನೇಯುವುದು ಪರಂಪರೆಯಿಂದ ಬಂದ ಕಸುಬು. ಉಣ್ಣೆ ನೂಲುವವಳ ಬೆರಳ ತುದಿಯು ಎಳೆಯ ದಪ್ಪ ತೆಳುವನ್ನು ಕಣ್ಣಿಗಿಂತ ಮೊದಲೇ ಅರಿಯುತ್ತದೆ. ಹಾಸಿಗೆ ಬಳಿದ ಹುಣಿಸೆ ಬೀಜದ ಗಂಜಿ ಹದವಾಗಿದೆಯೇ ಎಂಬುದನ್ನು ಅಂಗೈಯು ಸವರಿ ಹೇಳುತ್ತದೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಅಂಚು ಒಂದು ಬಣ್ಣ, ಒಡಲು ಮತ್ತೊಂದು ಬಣ್ಣವಿರುವ ಸೀರೆಯನ್ನು ಕೈಮಗ್ಗದಲ್ಲಿ ನೇಯಬೇಕಾದರೆ ಮೂರು ಲಾಳಿಗಳು ಆಡಬೇಕು. ಅಂಚಿನ ಹೊಕ್ಕೂ ಒಡಲಿನ ಹೊಕ್ಕೂ ಸಂಧಿಸುವೆಡೆಯಲ್ಲಿ ಒಂದನ್ನೊಂದು ಹಿಡಿದುಕೊಳ್ಳಬೇಕು. ಹೊಕ್ಕನ್ನು ಹೆಚ್ಚು ಎಳೆದರೆ ಅಂಚು ಸೊಟ್ಟಗಾಗುವುದು, ಸಡಿಲ ಬಿಟ್ಟರೆ ಸಂಧಿಯಲ್ಲಿ ಕಿಂಡಿ ಬೀಳುವುದು. ಎಷ್ಟು ಎಳೆಯಬೇಕೆಂಬುದನ್ನು ಯಾವ ಪುಸ್ತಕವೂ ಹೇಳಲಾರದು. ಅದು ಕೈಯಿಂದ ಕೈಗೆ ದಾಟಬೇಕಾದ ಜ್ಞಾನ.

ಕಣ್ಣು ಮತ್ತು ಕೈ

ಕಣ್ಣು ನೋಡಿದುದನ್ನು ಕೈ ಮಾಡುತ್ತದೆ ಎಂಬುದು ಅರ್ಧ ಸತ್ಯ. ಕೈಗೆ ತನ್ನದೇ ಆದ ಅರಿವಿದೆ. ಒಂದೊಂದು ಕೈಯ ಒಳಮೈಯಲ್ಲಿಯೂ ಸ್ಪರ್ಶವನ್ನು ಗ್ರಹಿಸುವ ಸುಮಾರು 17,000 ನರತಂತುಗಳಿವೆ. ಇವು ನಾಲ್ಕು ಬಗೆಯವು: ಅಂಚು ಆಕಾರಗಳನ್ನು ಅರಿಯುವವು ಕೆಲವು, ವಸ್ತುವು ಜಾರುವುದನ್ನು ಅರಿಯುವವು ಕೆಲವು, ಚರ್ಮದ ಎಳೆತವನ್ನು ಅರಿಯುವವು ಕೆಲವು, ಸೂಕ್ಷ್ಮ ಕಂಪನವನ್ನು ಅರಿಯುವವು ಕೆಲವು. ಹಿಡಿದ ವಸ್ತುವು ಜಾರತೊಡಗಿದರೆ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗ ಕಳೆಯುವುದರೊಳಗೆ ಕೈಯು ಹಿಡಿತವನ್ನು ಬಿಗಿ ಮಾಡುತ್ತದೆ; ಕಣ್ಣು ಕಂಡು ತಿಳಿಸುವವರೆಗೆ ಕಾಯುವುದಿಲ್ಲ. ಸ್ಪರ್ಶ ಹಾಗೂ ಉಷ್ಣತೆಯ ಗ್ರಾಹಕಗಳನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಸ್ಪರ್ಶವು ಹೋದರೆ ಏನಾಗುವುದೆಂಬುದಕ್ಕೆ ಇಂಗ್ಲೆಂಡಿನ ಇಯಾನ್ ವಾಟರ್‌ಮನ್ ನಿದರ್ಶನ. 1971ರಲ್ಲಿ, ತನ್ನ 19ನೆಯ ವಯಸ್ಸಿನಲ್ಲಿ, ರೋಗವೊಂದರ ತರುವಾಯ ಆತನಿಗೆ ಕುತ್ತಿಗೆಯಿಂದ ಕೆಳಗೆ ಸ್ಪರ್ಶಜ್ಞಾನವೂ ಅಂಗಗಳ ಇರವಿನ ಅರಿವೂ ಇಲ್ಲವಾದವು. ಸ್ನಾಯುಗಳಲ್ಲಿ ಶಕ್ತಿಯಿತ್ತು, ಆದರೆ ಕೈ ಎಲ್ಲಿದೆಯೆಂಬುದೇ ತಿಳಿಯದು. ಆತನು ಛಲ ಬಿಡದೆ, ಒಂದೊಂದು ಚಲನೆಯನ್ನೂ ಕಣ್ಣಿನಿಂದಲೇ ನೋಡಿ ನಡೆಸುತ್ತ, ಕುಳಿತುಕೊಳ್ಳುವುದನ್ನೂ ನಡೆಯುವುದನ್ನೂ ಬರೆಯುವುದನ್ನೂ ಮತ್ತೆ ಕಲಿತನು. ಆದರೂ ದೀಪವಾರಿದರೆ ನಿಲ್ಲಲಾಗುತ್ತಿರಲಿಲ್ಲ. ಪ್ರಾಯದವನೂ ಹೊಸದಾಗಿ ಕಲಿಯಬಲ್ಲನೆಂಬುದು ಇಲ್ಲಿಯ ಒಂದು ಪಾಠ. ಸ್ಪರ್ಶದ ನೆರವಿಲ್ಲದ ಕಲಿಕೆಯು ಎಂದಿಗೂ ಹಗುರವಾಗದೆಂಬುದು ಇನ್ನೊಂದು.

ಬೆಳೆದ ಮೇಲೆ ಮಿದುಳು ಬಗ್ಗದೆಂಬ ಭಾವನೆಯೂ ಈಗ ಸಡಿಲಗೊಂಡಿದೆ. ಜರ್ಮನಿಯ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವಯಸ್ಕರು ಮೂರು ಚೆಂಡುಗಳನ್ನು ಸರದಿಯಾಗಿ ಎಸೆದು ಹಿಡಿಯುವ ಆಟವನ್ನು ಮೂರು ತಿಂಗಳು ಅಭ್ಯಾಸ ಮಾಡಿದಾಗ, ಚಲನೆಯನ್ನು ನೋಡಿ ಅರಿಯುವ ಮಿದುಳಿನ ಭಾಗವು ತುಸು ಬೆಳೆದಿತ್ತು. ಅಭ್ಯಾಸವನ್ನು ಬಿಟ್ಟ ಮೇಲೆ ಆ ಬೆಳವಣಿಗೆಯು ಇಳಿಯಿತು. ಅಭ್ಯಾಸವು ಮಿದುಳನ್ನೂ ತಿದ್ದುತ್ತದೆ. ಆದರೆ ತಿದ್ದಿದುದನ್ನು ಕಾಪಾಡಲೂ ಅಭ್ಯಾಸವೇ ಬೇಕು.

ಯಂತ್ರವು ಕೊಡುವ ಸ್ಪರ್ಶ

ತಲೆಗೆ ತೊಟ್ಟುಕೊಳ್ಳುವ ಉಪಕರಣದಿಂದ ಇಲ್ಲದ ಲೋಕವನ್ನು ಇದ್ದಂತೆ ತೋರಿಸುವ ವಿದ್ಯೆಗೆ ವರ್ಚುವಲ್ ರಿಯಾಲಿಟಿ ಎಂದು ಹೆಸರು. ಅದರ ಮೊದಲ ರೂಪಗಳಲ್ಲೊಂದನ್ನು ಅಮೆರಿಕದ ಐವನ್ ಸದರ್ಲೆಂಡ್ 1968ರಲ್ಲಿ ನಿರ್ಮಿಸಿದನು. ಕಣ್ಣಿಗೆ ಕಾಣುವ ಆ ವಸ್ತುವನ್ನು ಮುಟ್ಟಹೋದರೆ ಬೆರಳು ಗಾಳಿಯನ್ನೇ ತಿವಿಯುವುದು. ಈ ಕೊರತೆಯನ್ನು ನೀಗಲು ಹುಟ್ಟಿದ ಶಾಸ್ತ್ರವೇ ಹ್ಯಾಪ್ಟಿಕ್ಸ್, ಎಂದರೆ ಸ್ಪರ್ಶಶಾಸ್ತ್ರ. 1990ರ ದಶಕದ ಆದಿಯಲ್ಲಿ ಅಮೆರಿಕದ ಎಂ.ಐ.ಟಿ.ಯ ಥಾಮಸ್ ಮ್ಯಾಸಿ ಮತ್ತು ಕೆನೆತ್ ಸಾಲಿಸ್ಬರಿ ಇವರು ಒಂದು ಸಾಧನವನ್ನು ಮಾಡಿದರು. ಅದರ ತೋಳಿನ ತುದಿಯನ್ನು ಬೆರಳಿಗೆ ತೊಟ್ಟು ಚಲಿಸಿದಾಗ, ಕಾಲ್ಪನಿಕ ವಸ್ತುವು ಅಡ್ಡ ಬಂದೊಡನೆ ಯಂತ್ರದ ಮೋಟಾರುಗಳು ಬೆರಳನ್ನು ಹಿಂದಕ್ಕೆ ಒತ್ತುತ್ತವೆ. ಗೋಡೆಯೋ ಹಣ್ಣೋ ತಾಗಿದಂತೆ ಭಾಸವಾಗುತ್ತದೆ. ಚಲಿಸುವ ಚಿತ್ರವು ಕಣ್ಣಿಗೆ ಒಪ್ಪಲು ಸೆಕೆಂಡಿಗೆ ಕೆಲವು ಹತ್ತು ಚಿತ್ರಗಳು ಸಾಕು. ಕೈಗೆ ಗಟ್ಟಿ ವಸ್ತುವನ್ನು ನಂಬಿಸಲು ಸೆಕೆಂಡಿಗೆ ಸುಮಾರು 1000 ಸಾರಿ ಬಲವನ್ನು ಲೆಕ್ಕಹಾಕಬೇಕು. ಕೈಯನ್ನು ವಂಚಿಸುವುದು ಕಣ್ಣನ್ನು ವಂಚಿಸುವಷ್ಟು ಸುಲಭವಲ್ಲ.

ಇಂಥ ಯಂತ್ರಗಳು ಕರ್ನಾಟಕದಲ್ಲಿಯೂ ನಿರ್ಮಾಣವಾಗಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ಬೆಳೆದ ಮಿಮಿಕ್ ಎಂಬ ಉದ್ಯಮವು, ನಳಿಕೆಯನ್ನಿಳಿಸಿ ಜಠರವನ್ನು ನೋಡುವ ಎಂಡೋಸ್ಕೋಪಿಯನ್ನು ವೈದ್ಯರು ರೋಗಿಯನ್ನು ಮುಟ್ಟುವ ಮುನ್ನವೇ ಅಭ್ಯಾಸ ಮಾಡಲು ಸ್ಪರ್ಶಸಹಿತವಾದ ಸಾಧನವನ್ನು ರೂಪಿಸಿದೆ. ಅದೇ ವಿಜ್ಞಾನ ಸಂಸ್ಥೆಯ ಇನ್ನೊಂದು ಆವರಣವು ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ. ಅಲ್ಲಿ ವಿಜ್ಞಾನ ಅಧ್ಯಾಪಕರಿಗೆ ಪ್ರಯೋಗಗಳನ್ನು ಅವರ ಕೈಯಿಂದಲೇ ಮಾಡಿಸಿ ತರಬೇತಿ ಕೊಡಲಾಗುತ್ತಿದೆ.

ಯಂತ್ರದಲ್ಲಿ ಕಲಿತುದು ನಿಜವಾದ ಕೆಲಸಕ್ಕೆ ಒದಗುವುದೇ? 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶಸ್ತ್ರವೈದ್ಯ ಶಿಕ್ಷಣದಲ್ಲಿದ್ದ 16 ಮಂದಿಯನ್ನು ಪರೀಕ್ಷಿಸಿದರು. ಯಂತ್ರದಲ್ಲಿ ಅಭ್ಯಾಸ ಮಾಡಿದವರು ಪಿತ್ತಕೋಶವನ್ನು ಬಿಡಿಸುವ ಕೆಲಸವನ್ನು ಶೇಕಡಾ 29ರಷ್ಟು ಬೇಗ ಮುಗಿಸಿದರು. ಹಾಗೆ ಅಭ್ಯಾಸ ಮಾಡದವರು ಪಿತ್ತಕೋಶಕ್ಕೆ ಗಾಯ ಮಾಡುವ ಅಥವಾ ಬೇರೆಡೆ ಸುಡುವ ಸಂಭವವು ಐದು ಪಟ್ಟು ಹೆಚ್ಚಿತ್ತು. ಗಮನಿಸತಕ್ಕ ಸಂಗತಿಯೆಂದರೆ, ಆ ಯಂತ್ರವು ಕಣ್ಣಿಗೆ ಮಾತ್ರ ತೋರಿಸುತ್ತಿತ್ತು, ಸ್ಪರ್ಶವನ್ನು ಕೊಡುತ್ತಿರಲಿಲ್ಲ. ಆದುದರಿಂದ ಎಲ್ಲ ಕೆಲಸಕ್ಕೂ ಸ್ಪರ್ಶಯಂತ್ರವೇ ಬೇಕೆಂಬ ನಿಯಮವಿಲ್ಲ. ಮೆದುವು ಗಟ್ಟಿ, ಬಿಗಿ ಸಡಿಲಗಳನ್ನು ವಿವೇಚಿಸಬೇಕಾದ ಕೆಲಸಕ್ಕೆ ಅದು ಬೇಕು.

ಕೈ ಹಿಡಿಯುವುದು, ಕೈ ಬಿಡುವುದು

ಆದರೆ ಯಂತ್ರದ ನೆರವಿನಲ್ಲಿ ಒಂದು ಅಪಾಯವೂ ಅಡಗಿದೆ. ಸಾಲ್ಮೋನಿ, ಷ್ಮಿಟ್, ವಾಲ್ಟರ್ ಎಂಬ ವಿದ್ವಾಂಸರು 1984ರಲ್ಲಿ ಹಿಂದಿನ ಅನೇಕ ಅಧ್ಯಯನಗಳನ್ನು ಪರಿಶೀಲಿಸಿ, ಪ್ರತಿ ಸಲವೂ ತಪ್ಪನ್ನು ತೋರಿಸಿಕೊಟ್ಟರೆ ಕಲಿಯುವವನು ಅಭ್ಯಾಸಕಾಲದಲ್ಲಿ ಚೆನ್ನಾಗಿ ಮಾಡಿದರೂ ನೆರವು ನಿಂತೊಡನೆ ಎಡವುವನೆಂದು ತೋರಿಸಿದರು. ತನ್ನ ತಪ್ಪನ್ನು ತಾನೇ ಅರಿಯುವ ಶಕ್ತಿ ಅವನಲ್ಲಿ ಬೆಳೆದಿರುವುದಿಲ್ಲ.

ಕನ್ನಡ ಶಾಲೆಗಳಲ್ಲಿ ಈ ತತ್ತ್ವವು ಹಿಂದಿನಿಂದಲೂ ಬಳಕೆಯಲ್ಲಿದೆ. ಮಗುವಿಗೆ ಅಕ್ಷರ ಕಲಿಸುವುದಕ್ಕೆ 'ತಿದ್ದಿಸುವುದು' ಎಂದು ಹೆಸರು. ಉಪಾಧ್ಯಾಯರು ಮೊದಲು ಮಗುವಿನ ಕೈಹಿಡಿದು ಬರೆಯಿಸುವರು. ಬಳಿಕ ತಾವು ಬರೆದ ಅಕ್ಷರದ ಮೇಲೆ ಅದೇ ಬಳಪವಾಡಿಸಲು ಬಿಡುವರು. ಕೊನೆಗೆ ಬರಿಯ ಹಲಗೆಯನ್ನು ಕೊಡುವರು. ಕೈ ಹಿಡಿಯುವುದೆಷ್ಟು ಮುಖ್ಯವೋ ಹೊತ್ತರಿತು ಬಿಡುವುದೂ ಅಷ್ಟೇ ಮುಖ್ಯ. ಸ್ಪರ್ಶಯಂತ್ರವೂ ಇದೇ ಕ್ರಮದಲ್ಲಿ ತನ್ನ ನೆರವನ್ನು ಕಡಿಮೆ ಮಾಡುತ್ತ ಬರತಕ್ಕದ್ದು. ಬಿಡಲರಿಯದ ಯಂತ್ರವು ಊರುಗೋಲಾದೀತು, ಗುರುವಾಗಲಾರದು.

ಇನ್ನೊಂದು ಮಾತು. ಮಗ್ಗದ ಕೆಲಸವನ್ನು ಕಲಿಸುವ ಇಂಥ ಯಂತ್ರವೊಂದನ್ನು ಮಾಡಬೇಕಾದರೆ ಹೊಕ್ಕನ್ನು ಎಷ್ಟು ಎಳೆಯಬೇಕು, ಹಣಿಗೆಯನ್ನು ಎಷ್ಟು ಬಲದಿಂದ ಬಡಿಯಬೇಕು, ಎಳೆ ಕಡಿಯುವ ಮುನ್ನ ಬೆರಳಿಗೆ ಏನು ತಿಳಿಯುವುದು ಎಂಬುದನ್ನೆಲ್ಲ ಮೊದಲು ಪಳಗಿದ ನೇಕಾರನ ಕೈಯಿಂದ ಅಳೆದು ತುಂಬಬೇಕು. ಯಂತ್ರಕ್ಕೆ ಸ್ವಂತ ಸ್ಪರ್ಶವಿಲ್ಲ; ಅದು ಎರವಲು ಪಡೆದುದನ್ನೇ ಹಂಚುತ್ತದೆ. ನೇಕಾರರ ಮಕ್ಕಳು ಬೇರೆ ಉದ್ಯೋಗಗಳಿಗೆ ಹೋಗುತ್ತಿರುವ ಈ ಕಾಲದಲ್ಲಿ, ಕೊಡಬಲ್ಲ ಕೈಗಳು ನಿಂತುಹೋದರೆ ಮುಂದೆ ಎಂಥ ಯಂತ್ರ ಬಂದರೂ ಅದಕ್ಕೆ ಕಲಿಸುವವರಿರುವುದಿಲ್ಲ.

ನೇಯ್ಗೆಯನ್ನೇ ಕಾಯಕವಾಗಿ ಮಾಡಿಕೊಂಡ ಜೇಡರ ದಾಸಿಮಯ್ಯನನ್ನು ಶರಣರಲ್ಲಿ ಆದ್ಯನೆಂದು ಗೌರವಿಸಿದ ನಾಡಿದು. ಇಲ್ಲಿ ಕೈಯ ವಿದ್ಯೆಯು ತಲೆಯ ವಿದ್ಯೆಗಿಂತ ಕಿರಿದೆಂದು ಯಾರೂ ಎಣಿಸಬೇಕಾಗಿಲ್ಲ. ವಿದ್ಯಾರ್ಥಿಗಳು ಒಮ್ಮೆ ಮೊಳಕಾಲ್ಮೂರಿನ ಮಗ್ಗದ ಬಳಿ ಕುಳಿತು, ನೇಕಾರರ ಅನುಮತಿ ಪಡೆದು, ಬಿಗಿದ ಹಾಸಿನ ಮೇಲೆ ಬೆರಳಿಟ್ಟು ನೋಡಲಿ. ಹೊಸ ಯಂತ್ರಗಳು ಬೆರಳಿಗೆ ಏನನ್ನು ಕಲಿಸಲು ಹೊರಟಿವೆಯೆಂಬುದು ಆಗ ತಾನಾಗಿಯೇ ತಿಳಿದುಬಂದೀತು.